ಅಂಗೈಯಗಲದ ನಿಸರ್ಗ

ಚಿತ್ರಪ್ರದರ್ಶನದ ವಿಶಾಲ ಭವನವೊಂದನ್ನು ಪ್ರವೇಶಿಸುವ ಪ್ರೇಕ್ಷಕನ ದೃಷ್ಟಿಯು ಮೊದಲು ಹರಿಯುವುದು ಎದುರುಗೋಡೆಯನ್ನೆಲ್ಲ ಆಕ್ರಮಿಸಿ ನಿಂತ ಬೃಹತ್ಪಟದ ಕಡೆಗೆ. ಬಾಗಿಲ ಮಗ್ಗುಲಲ್ಲಿಯೋ ಕಂಬದ ಮರೆಯಲ್ಲಿಯೋ ತೂಗುಹಾಕಿದ ಒಂದು ಗೇಣಿನ ಕೆರೆಯೇರಿಯ ಚಿತ್ರವನ್ನು, ಅದು ಕಲಾವಿದನು ಬಿಡುವಿನ ವೇಳೆಯಲ್ಲಿ ಕೈ ಪಳಗಿಸಿಕೊಳ್ಳುವುದಕ್ಕಾಗಿ ಬರೆದದ್ದೆಂದು ಬಗೆದು, ಅರೆನೋಟದಲ್ಲಿ ನೋಡಿ ಮುಂದೆ ಸಾಗುವವರೇ ಬಹಳ ಮಂದಿ. ಗಾತ್ರವನ್ನೇ ಗೌರವದ ಅಳತೆಗೋಲಾಗಿ ಹಿಡಿಯುವ ಈ ಚಾಳಿಯನ್ನು ಕಾವ್ಯದ ವಿಷಯದಲ್ಲಿ ನಮ್ಮ ಪೂರ್ವಿಕರು ಬಹು ಹಿಂದೆಯೇ ಇತ್ಯರ್ಥ ಮಾಡಿಬಿಟ್ಟಿದ್ದರು: ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಆನಂದವರ್ಧನನು, ಅಮರುಕ ಕವಿಯ ಬಿಡಿ ಮುಕ್ತಕಗಳು ಇಡಿಯ ಪ್ರಬಂಧಗಳಂತೆಯೇ ರಸವನ್ನು ಸೂಸಬಲ್ಲುವೆಂದು ತನ್ನ 'ಧ್ವನ್ಯಾಲೋಕ'ದಲ್ಲಿ ಒಪ್ಪಿಕೊಂಡಿದ್ದಾನೆ. ಕಿರಿಯ ಚಿತ್ರಕ್ಕೆ ಅಂಥ ವಕೀಲನೊಬ್ಬನು ದೊರೆಯಲಿಲ್ಲ. ಆದರೂ ಅಂಗೈಯಗಲದ ನಿಸರ್ಗಚಿತ್ರವು ತನ್ನದೇ ಆದ ಧರ್ಮವುಳ್ಳ ಒಂದು ಸ್ವತಂತ್ರ ಪ್ರಕಾರವೆಂಬುದೂ, ಆ ಧರ್ಮವು ಚಿತ್ರಕಾರನು ಕೈಗೆತ್ತಿಕೊಂಡ ನೀರು, ಎಣ್ಣೆ, ಮಸಿ, ಕಾಗದ, ಹಲಗೆಗಳನ್ನು ಅನುಸರಿಸಿ ಮಾರ್ಪಡುತ್ತ ಹೋಗುವುದೆಂಬುದೂ ಆ ಕಸುಬಿನ ಚರಿತ್ರೆಯನ್ನು ತುಸು ನಿಧಾನವಾಗಿ ನೋಡಿದವರಿಗೆ ತಾನಾಗಿಯೇ ವಿಶದವಾಗುತ್ತದೆ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲನ ಹೆಸರನ್ನು ಕೇಳಿದವರಿಗೆ ಒಡನೆಯೆ ನೆನಪಾಗುವುದು, ಹೊಳೆಯ ತೆಳುನೀರಿಗಿಳಿದು ನಿಂತ ಬಂಡಿಯೊಂದನ್ನು ಚಿತ್ರಿಸುವ, ೧೮೨೧ರಲ್ಲಿ ಮೊದಲು ಪ್ರದರ್ಶಿತವಾಗಿ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 'ದಿ ಹೇ ವೇನ್' ಎಂಬ ಕೃತಿ. ಅದರ ಅಗಲ ಆರಡಿಗೂ ಎತ್ತರ ನಾಲ್ಕಡಿಗೂ ಮಿಕ್ಕಿದ್ದು. ಆದರೆ ಅದೇ ವರ್ಷ ಮತ್ತು ಅದರ ಮರುವರ್ಷ ಆತನು ಲಂಡನ್ನಿನ ಹೊರವಲಯದ ಹ್ಯಾಂಪ್‌ಸ್ಟೆಡ್ ದಿಣ್ಣೆಯನ್ನೇರಿ, ಒಂದು ಗೇಣಿನಿಂದ ಎರಡು ಗೇಣಿನವರೆಗಿನ ಕಾಗದಗಳ ಮೇಲೆ ತೈಲವರ್ಣದಲ್ಲಿ ಮೋಡಗಳನ್ನು ಬರೆದನು. ಅನೇಕ ಹಾಳೆಗಳಲ್ಲಿ ಮೋಡದ ಹೊರತು ಮತ್ತೇನೂ ಇಲ್ಲ, ನೆಲವಾಗಲಿ ಮರದ ತುದಿಯಾಗಲಿ ಒಂದಿಷ್ಟೂ ಕಾಣಿಸುವುದಿಲ್ಲ. ಬರೆದು ಮುಗಿಸಿದೊಡನೆ ಕಾಗದದ ಬೆನ್ನಿನ ಮೇಲೆ ಅಂದಿನ ತಾರೀಖು, ಗಂಟೆ, ಗಾಳಿ ಬೀಸುತ್ತಿದ್ದ ದಿಕ್ಕು, ಮಳೆ ಬಂದಿತೋ ಬಿಟ್ಟಿತೋ ಎಂಬ ವಿವರ, ಇವನ್ನೆಲ್ಲ ಗುರುತು ಹಾಕುತ್ತಿದ್ದನು. ಮೋಡಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದ ಲ್ಯೂಕ್ ಹೊವಾರ್ಡನ ಪ್ರಬಂಧವು ಬೆಳಕು ಕಂಡು ಆಗಿನ್ನೂ ಎರಡು ದಶಕಗಳಾಗಿದ್ದವು. ವಿಜ್ಞಾನಿಯು ಜಾತಿಗಳನ್ನು ವಿಂಗಡಿಸಿದ ಆಕಾಶದಲ್ಲಿ ಚಿತ್ರಕಾರನು ವ್ಯಕ್ತಿಗಳನ್ನು ಹುಡುಕಿದನೆನ್ನಬಹುದು. ಹುಲ್ಲುಬಂಡಿಯ ಚಿತ್ರವನ್ನಾದರೆ ಸ್ಟುಡಿಯೋದೊಳಗೆ ಕುಳಿತು ತಿಂಗಳುಗಟ್ಟಲೆ ತಿದ್ದುವುದಕ್ಕೆ ಅವಕಾಶವುಂಟು. ಮೋಡವು ಮಾತ್ರ ಯಾರ ಅನುಕೂಲಕ್ಕೂ ನಿಲ್ಲತಕ್ಕದ್ದಲ್ಲ. ನನಗಂತೂ ಆ ಪ್ರಖ್ಯಾತವಾದ ಬಂಡಿಗಿಂತ ಈ ಅನಾಮಧೇಯ ಮೋಡಗಳಲ್ಲಿಯೇ ಕಾನ್‌ಸ್ಟೇಬಲನ ಕೈಯ ಚೈತನ್ಯ ಹೆಚ್ಚಾಗಿ ಕಾಣುತ್ತದೆ.

ಚಿತ್ರವು ಕಿರಿದಾಗಿರಬೇಕಾದುದಕ್ಕೆ ಮೊದಲ ಕಾರಣನು ಸೂರ್ಯನೇ. ಗಂಟೆಗೆ ೧೫ ಡಿಗ್ರಿಗಳಷ್ಟು ಆಕಾಶವನ್ನು ಕ್ರಮಿಸುವ ಆತನು, ಬಂಡೆಯ ಎಡಮಗ್ಗುಲಿನಲ್ಲಿ ಉದ್ದಕ್ಕೆ ಚಾಚಿದ್ದ ನೆರಳನ್ನು ಎರಡು ಗಂಟೆಗಳೊಳಗಾಗಿ ಅದರ ಬುಡಕ್ಕೆ ಸೆಳೆದುಕೊಂಡುಬಿಡುತ್ತಾನೆ. ಆ ವೇಳೆಗೆ ಚಿತ್ರ ಮುಗಿಯದಿದ್ದರೆ, ಮುಂಜಾವಿನ ನೆರಳೂ ನಡುಹಗಲಿನ ಬಿಸಿಲೂ ಒಂದೇ ಹಾಳೆಯಲ್ಲಿ ಕೂಡಿಕೊಂಡು, ಯಾವ ದೇಶದಲ್ಲಿಯೂ ಯಾವ ಕಾಲದಲ್ಲಿಯೂ ಇಲ್ಲದ ಬೆಳಕೊಂದು ಸೃಷ್ಟಿಯಾಗುತ್ತದೆ. ಇಟಲಿಯ ಬಯಲುಗಳಲ್ಲಿ ತೈಲವರ್ಣದ ಕಿರುಚಿತ್ರಗಳನ್ನು ಅಭ್ಯಾಸ ಮಾಡಿದ್ದ ಫ್ರಾನ್ಸಿನ ವಲಾನ್ಸಿಯೆನ್ ಎಂಬಾತನು, ೧೮೦೦ರಲ್ಲಿ ಪ್ರಕಟಿಸಿದ ತನ್ನ ಯಥಾದರ್ಶನ (ಪರ್ಸ್ಪೆಕ್ಟಿವ್) ಗ್ರಂಥದಲ್ಲಿ ಈ ಸಂಗತಿಯನ್ನೇ ನಿಯಮವಾಗಿ ವಿಧಿಸಿ, ಬಯಲಿನಲ್ಲಿ ಬರೆಯುವ ಯಾವ ಅಭ್ಯಾಸಚಿತ್ರವೂ ಎರಡು ಗಂಟೆಗಳನ್ನು ಮೀರಲಾಗದೆಂದೂ, ಸೂರ್ಯೋದಯ ಸೂರ್ಯಾಸ್ತಗಳದಾದರೆ ಅರ್ಧ ಗಂಟೆಯೇ ಪರಮಾವಧಿಯೆಂದೂ ಹೇಳಿದನು. ನಮ್ಮ ನಾಡಿನ ಚಿತ್ರಕಾರನಿಗೆ ಆ ಅರ್ಧ ಗಂಟೆಯೂ ಪೂರ್ತಿ ದಕ್ಕುವುದಿಲ್ಲ. ಉತ್ತರದ ಅಕ್ಷಾಂಶಗಳಲ್ಲಿ ಸೂರ್ಯನು ದಿಗಂತದ ಕೆಳಕ್ಕೆ ಓರೆಯಾಗಿ ಜಾರುವುದರಿಂದ ಜೂನ್ ತಿಂಗಳ ಲಂಡನ್ನಿನಲ್ಲಿ ಅಸ್ತಮಾನದ ಅನಂತರವೂ ಮುಕ್ಕಾಲು ಗಂಟೆಯ ಕಾಲ ಕೆಲಸಕ್ಕೆ ಬರುವ ಬೆಳಕು ಉಳಿದಿರುತ್ತದೆ. ಕರ್ನಾಟಕದಲ್ಲಿ ಆತನು ಹೆಚ್ಚುಕಡಮೆ ನೇರವಾಗಿಯೇ ಮುಳುಗುವುದರಿಂದ ಆ ಅವಧಿಯು ೨೫ ನಿಮಿಷಗಳಿಗೆ ಇಳಿಯುತ್ತದೆ. ಸಂಜೆಗೆಂಪನ್ನು ಎದುರಿಗಿಟ್ಟುಕೊಂಡು ನಾಲ್ಕಡಿಯ ಕ್ಯಾನ್ವಾಸನ್ನು ತುಂಬಲು ಹೊರಡುವವನಿಗೆ ಇಲ್ಲಿ ಕತ್ತಲೆಯೇ ಗತಿ.

ಬಯಲಿಗೆ ಹೋಗಿ ಬರೆಯಬೇಕೆಂಬ ಆಸೆ ಎಷ್ಟೇ ಹಳೆಯದಾದರೂ, ತೈಲವರ್ಣವನ್ನು ಅಲ್ಲಿಗೆ ಹೊತ್ತೊಯ್ಯುವುದು ಬಹುಕಾಲದವರೆಗೆ ದೊಡ್ಡ ಉಪದ್ರವವಾಗಿತ್ತು. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಸಣ್ಣ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ, ಬೇಕಾದಾಗ ಮೊಳೆಯಿಂದ ಚುಚ್ಚಿ ಹಿಂಡಿಕೊಂಡು, ಆಮೇಲೆ ಆ ತೂತಿಗೆ ಅದೇ ಮೊಳೆಯನ್ನು ಬಿರಡೆಯಾಗಿ ಸಿಕ್ಕಿಸಿಡುತ್ತಿದ್ದರು. ಚೀಲ ಒಡೆದರೆ ಬಣ್ಣದೊಡನೆ ಅಂಗಿಯೂ ಹೋಯಿತು. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡನು ೧೮೪೧ರಲ್ಲಿ ಹಿಂಡಿದರೆ ಮಡಿಚಿಕೊಳ್ಳುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಈ ತೊಡಕು ನಿವಾರಣೆಯಾಯಿತು. ಮುಚ್ಚಳದಲ್ಲಿ ಹಲಗೆಯೂ ಒಡಲಿನಲ್ಲಿ ಬಣ್ಣವೂ ಕೂಡುವ, ಮೊಣಕಾಲ ಮೇಲಿಟ್ಟುಕೊಂಡು ಬರೆಯಬಹುದಾದ ಪುಟ್ಟ ಪೆಟ್ಟಿಗೆಯು ಆ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಿಂದ ಆಸ್ಟ್ರೇಲಿಯದವರೆಗೆ ಹಬ್ಬಿತು.

ಆಸ್ಟ್ರೇಲಿಯದ ಪ್ರಸಂಗವು ವಿಸ್ತಾರವಾಗಿ ಹೇಳತಕ್ಕದ್ದು. ೧೮೮೯ನೆಯ ಆಗಸ್ಟ್ ೧೭ರಂದು ಮೆಲ್ಬರ್ನ್ ನಗರದಲ್ಲಿ ಟಾಮ್ ರಾಬರ್ಟ್ಸ್, ಆರ್ಥರ್ ಸ್ಟ್ರೀಟನ್, ಚಾರ್ಲ್ಸ್ ಕಾಂಡರ್ ಮೊದಲಾದ ತರುಣ ಚಿತ್ರಕಾರರು ಒಂದು ಪ್ರದರ್ಶನವನ್ನು ತೆರೆದರು. ಅಲ್ಲಿದ್ದ ೧೮೦ಕ್ಕೂ ಮಿಕ್ಕ ಕೃತಿಗಳಲ್ಲಿ ಹೆಚ್ಚಿನವು ಒಂಬತ್ತು ಅಂಗುಲ ಉದ್ದ, ಐದು ಅಂಗುಲ ಅಗಲದವು, ಅನೇಕವು ಸಿಗಾರಿನ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಂಥವು. ಲೆಕ್ಕ ಹಾಕಿ ನೋಡಿದರೆ ಕಾನ್‌ಸ್ಟೇಬಲನ ಆ ಒಂದು ಬಂಡಿಯ ಚಿತ್ರದಲ್ಲಿ ಇಂಥವು ಎಂಬತ್ತರಷ್ಟು ಹಿಡಿಸಿಯಾವು. ಮಳೆ ನಿಂತ ಬೀದಿ, ಮಬ್ಬುಗತ್ತಲೆಯ ಬಂದರು, ಮಧ್ಯಾಹ್ನದ ಬಿಸಿಲಿನ ಒಣಹುಲ್ಲು, ಇವೇ ಅವುಗಳ ವಸ್ತು. ನಗರದ ಪ್ರಭಾವಶಾಲಿ ವಿಮರ್ಶಕ ಜೇಮ್ಸ್ ಸ್ಮಿತ್‌ನು, ಇವು ಪೂರ್ಣಗೊಳ್ಳದ ಗೀಚುಗಳೆಂಬ ಭಾವದಲ್ಲಿ 'ಆರ್ಗಸ್' ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದನು. ಆ ತರುಣರು ಕೋಪಗೊಳ್ಳುವುದಕ್ಕೆ ಬದಲಾಗಿ ಆ ಖಂಡನೆಯನ್ನೇ ಕತ್ತರಿಸಿ ಪ್ರದರ್ಶನದ ಬಾಗಿಲಿಗೆ ಅಂಟಿಸಿ, ಜನರನ್ನು ಒಳಕ್ಕೆ ಸೆಳೆದರು. ಖಂಡಿಸಲ್ಪಟ್ಟ ಹಲಗೆಗಳಲ್ಲಿ ಕೆಲವು ಇಂದು ಆ ದೇಶದ ಸಾರ್ವಜನಿಕ ಸಂಗ್ರಹಾಲಯಗಳ ಆಸ್ತಿ.

ಕೆನಡದ ಟಾಮ್ ಥಾಮ್ಸನ್ ಎಂಬವನದು ಇನ್ನೊಂದು ಬಗೆ. ದೋಣಿಯಲ್ಲಿ ಆಲ್ಗಾಂಕ್ವಿನ್ ಅರಣ್ಯದ ಸರೋವರಗಳನ್ನು ಸುತ್ತುತ್ತ, ಸುಮಾರು ಎಂಟೂವರೆ ಅಂಗುಲ ಎತ್ತರ, ಹತ್ತೂವರೆ ಅಂಗುಲ ಅಗಲದ ಹಲಗೆಗಳ ಮೇಲೆ ನೂರಾರು ಚಿತ್ರಗಳನ್ನು ಬರೆದು, ೧೯೧೭ರ ಜುಲೈ ತಿಂಗಳಿನಲ್ಲಿ, ನಲವತ್ತು ತುಂಬುವ ಮೊದಲೇ, ಅದೇ ಅರಣ್ಯದ ಸರೋವರದಲ್ಲಿ ತೀರಿಕೊಂಡನು. ಅವನ ಹೆಸರುವಾಸಿಯಾದ ದೊಡ್ಡ ಕೃತಿಗಳಾದ 'ದಿ ಜ್ಯಾಕ್ ಪೈನ್' ಮತ್ತು 'ದಿ ವೆಸ್ಟ್ ವಿಂಡ್' ಎರಡೂ ಇಂಥ ಹಲಗೆಗಳಿಂದಲೇ ಬೆಳೆದವು. ದೊಡ್ಡದರಲ್ಲಿ ವಿನ್ಯಾಸದ ಗಾಂಭೀರ್ಯವುಂಟು, ಆದರೆ ಹಲಗೆಯ ಮೇಲಿನ ಗಾಳಿ ಅಲ್ಲಿ ಸ್ವಲ್ಪ ಸ್ತಬ್ಧವಾಗಿದೆ.

ನಮ್ಮಲ್ಲಿ ನಿಸರ್ಗವು ಚಿತ್ರದೊಳಗೆ ಬಂದದ್ದು ಬೇರೆಯದೇ ಮಾರ್ಗದಿಂದ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರಭಾಗದಲ್ಲಿ ಆಕಾಶ, ಪರ್ವತ, ಅರಣ್ಯ, ಜಲಾಶಯ, ಋತುಗಳನ್ನು ಹೇಗೆ ನಿರೂಪಿಸಬೇಕೆಂಬ ವಿಧಿಯುಂಟು: ಆಕಾಶವನ್ನು ಹಾರುವ ಹಕ್ಕಿಗಳಿಂದ, ನೀರನ್ನು ಮೀನು ಆಮೆ ಕಮಲಗಳಿಂದ, ಬೆಟ್ಟವನ್ನು ಶಿಲೆಗಳ ರಾಶಿಯಿಂದಲೂ ನಿರ್ಝರಗಳಿಂದಲೂ, ಮಳೆಗಾಲವನ್ನು ಮೇಘಭಾರದಿಂದಲೂ ಮಿಂಚಿನಿಂದಲೂ ಸೂಚಿಸಬೇಕು. ಇದು ಲಕ್ಷಣಗಳ ಭಾಷೆ. ಇಲ್ಲಿ ಆ ಒಂದು ದಿನದ, ಆ ಒಂದು ಕೆರೆಯ ನೀರಿಗೆ ಸ್ಥಾನವಿಲ್ಲ, ಜಲತತ್ತ್ವಕ್ಕೆ ಮಾತ್ರ ಸ್ಥಾನ. ರಾಜಸ್ಥಾನದ, ಪಹಾಡಿಯ, ನಮ್ಮ ಸುರಪುರ ಮೈಸೂರುಗಳ ಕಿರುಚಿತ್ರಗಳಲ್ಲಿಯೂ ವೃಕ್ಷಪರ್ವತಗಳು ನಾಯಕನಿಗೋ ದೇವತೆಗೋ ಆವರಣವಾಗಿ ನಿಂತವೇ ಹೊರತು ತಾವೇ ನಾಯಕರಾದುದು ಅಪೂರ್ವ.

ಕನ್ನಡ ನಾಡಿನಲ್ಲಿ ಆ ಪಟ್ಟವನ್ನು ಬೆಟ್ಟಕ್ಕೂ ಮಂಜಿಗೂ ಕಟ್ಟಿದವರಲ್ಲಿ ಕೆ. ವೆಂಕಟಪ್ಪನವರು ಮೊದಲು ನೆನೆಯತಕ್ಕವರು. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಜನಿಸಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಜಪಾನಿನ ಚಿತ್ರಕಾರರ ಸಹವಾಸದಿಂದ ಅಲ್ಲಿ ರೂಢಿಗೆ ಬಂದಿದ್ದ, ಬರೆದ ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ಬಣ್ಣವನ್ನು ಕಾಗದದ ಮೈಯೊಳಕ್ಕೆ ಇಳಿಸುವ ವಾಶ್ ವಿಧಾನವನ್ನು ಕರಗತ ಮಾಡಿಕೊಂಡರು. ಪೌರಾಣಿಕ ವಸ್ತುಗಳಿಂದ ಆರಂಭಿಸಿದ ಆ ಕೈಯೇ ಮುಂದೆ ಊಟಿ ಮತ್ತು ಕೊಡೈಕಾನಲ್ಲಿನ ಗಿರಿಶ್ರೇಣಿಗಳ ಜಲವರ್ಣಚಿತ್ರಗಳಲ್ಲಿ ತನ್ನ ಪರಿಪಾಕವನ್ನು ಮುಟ್ಟಿತು. ಅವುಗಳಲ್ಲಿ ಮಂಜು ಎಲ್ಲಿ ಮುಗಿದು ಬೆಟ್ಟ ಎಲ್ಲಿ ತೊಡಗುವುದೆಂಬ ಗಡಿ ಸಿಕ್ಕುವುದಿಲ್ಲ. ಮಳೆಯ ತೆರೆ, ಮೂಡುವ ಬೆಳಕು, ಬೆಳುದಿಂಗಳು, ಇವೇ ಆ ಚಿತ್ರಗಳ ಪಾತ್ರಗಳು. ೧೯೬೫ರಲ್ಲಿ ನಿಧನರಾದ ಈ ಏಕಾಂತಜೀವಿಯ ಹೆಸರನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಯು ಹೊತ್ತಿದೆ. ಅದೇ ಗುರುವಿನ ಇನ್ನೊಬ್ಬ ಶಿಷ್ಯರಾದ ನಂದಲಾಲ ಬೋಸರು ಇನ್ನೂ ಕಿರಿದಕ್ಕೆ ಇಳಿದರು: ಅಂಚೆಯ ಕಾರ್ಡಿನ ಮೇಲೆ ತಾಳೆಮರ, ಸಂಥಾಲರ ಗುಡಿಸಲು, ಸಮುದ್ರದ ಅಲೆ ಇತ್ಯಾದಿಗಳನ್ನು ನಾಲ್ಕಾರು ಗೆರೆಗಳಲ್ಲಿ ಮೂಡಿಸಿ ಶಿಷ್ಯರಿಗೂ ಆಪ್ತರಿಗೂ ಕಳುಹಿಸುವುದು ಅವರ ನಿತ್ಯದ ಪರಿಪಾಠವಾಗಿತ್ತು. ಅಂಚೆಯವನ ಕೈಚೀಲವೇ ಅವುಗಳ ಪ್ರದರ್ಶನಶಾಲೆ.

ಇದಕ್ಕೆ ಪ್ರತಿವಾದವೂ ನಮ್ಮಲ್ಲಿಯೇ ಇದೆ. ಸ್ವಾತಂತ್ರ್ಯಹೋರಾಟದಿಂದ ಚಿತ್ರಕಲೆಗೆ ಬಂದ ರುಮಾಲೆ ಚನ್ನಬಸವಯ್ಯನವರು (೧೯೧೦–೧೯೮೮) ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೆ ಕುಳಿತು ಜಲವರ್ಣವನ್ನು ತೈಲವರ್ಣದಂತೆ ದಟ್ಟವಾಗಿ, ವಿಸ್ತಾರವಾದ ಹಾಳೆಗಳ ಮೇಲೆ ಚುಕ್ಕಿಚುಕ್ಕಿಯಾಗಿ ಪೇರಿಸಿದರು. ನೀರಿನ ಬಣ್ಣವೆಂದರೆ ಚಿಕ್ಕದು, ತೆಳುವಾದದ್ದು ಎಂಬ ನಂಬಿಕೆಗೆ ಆ ಗುಲ್‌ಮೊಹರ್‌ಗಳು ಕೊಟ್ಟ ಉತ್ತರವು ನಿರುತ್ತರಗೊಳಿಸುವಂಥದು. ಆದರೆ ಅಂಥ ಸಾಹಸಕ್ಕೆ ಒಂದೇ ಮರದ ಎದುರಿಗೆ ಮತ್ತೆ ಮತ್ತೆ ಹೋಗಿ ಕೂರುವ ತಪಸ್ಸು ಬೇಕು.

ಇನ್ನು ಮಾಧ್ಯಮಗಳ ವಿಚಾರ. ಹಂಪೆಯ ಹೇಮಕೂಟದ ಮೇಲೆ, ಸಂಜೆ ಐದರ ಸುಮಾರಿಗೆ, ಮೂಡಲಿಗೆ ಮುಖಮಾಡಿ ಕುಳಿತರೆ, ವಿರೂಪಾಕ್ಷನ ಗೋಪುರದಾಚೆಗೆ, ತೇರುಬೀದಿಯ ತುದಿಯಲ್ಲಿ ಮತಂಗಪರ್ವತವು ಪಡುವಣ ಬಿಸಿಲನ್ನು ಎದೆಗೊಟ್ಟು ನಿಂತಿರುತ್ತದೆ. ಬೂದಿಬಣ್ಣದ ಕಲ್ಲೆಂದು ನಾವು ಸಾಧಾರಣವಾಗಿ ಕರೆಯುವ ಆ ಕಣಶಿಲೆಯು ಆಗ ಬೂದಿಯಾಗಿರುವುದಿಲ್ಲ. ಬಿಸಿಲು ತಗುಲಿದ ಮುಖವು ಬೇಯಿಸಿದ ಇಟ್ಟಿಗೆಯ ನಸುಗೆಂಪಿಗೂ, ಸಂದುಗಳ ನೆರಳು ನೇರಳೆಗೂ ತಿರುಗಿರುತ್ತದೆ, ಏಕೆಂದರೆ ನೇರ ಬಿಸಿಲು ಬೀಳದೆಡೆಯಲ್ಲಿ ಕಲ್ಲಿನ ಮೇಲೆ ಚೆಲ್ಲುವುದು ಆಕಾಶದ ನೀಲಿ ಬೆಳಕು ಮಾತ್ರ. ಈ ಒಂದೇ ನೋಟವನ್ನು ನಾಲ್ವರು ಚಿತ್ರಕಾರರು ನಾಲ್ಕು ಸಾಮಗ್ರಿಗಳಿಂದ ಅಂಗೈಯಗಲಕ್ಕೆ ಇಳಿಸಲು ತೊಡಗಿದರೆಂದು ಭಾವಿಸೋಣ.

ಜಲವರ್ಣದವನು ಬೆಳಕನ್ನು ಬಣ್ಣದಿಂದ ತರುವುದಿಲ್ಲ, ಕಾಗದದಿಂದ ತರುತ್ತಾನೆ. ಜಾಲಿಯ ಜಾತಿಯ ಮರಗಳಿಂದ ಒಸರುವ ಗೋಂದಿನಲ್ಲಿ ನುಣ್ಣಗೆ ಅರೆದ ಬಣ್ಣದ ಪುಡಿಯು ನೀರಿನಲ್ಲಿ ತೇಲಿ, ಹಾಳೆಯ ಮೇಲೆ ತೆಳುವಾದ ಗಾಜಿನ ಪದರವಾಗಿ ನಿಂತಾಗ, ಬೆಳಕು ಆ ಪದರವನ್ನು ತೂರಿ ಕಾಗದದ ಬಿಳುಪನ್ನು ಮುಟ್ಟಿ ಮರಳಿ ಕಣ್ಣಿಗೆ ಬರುತ್ತದೆ. ಆದುದರಿಂದ ಮತಂಗದ ನೆತ್ತಿಯ ಮೇಲೆ ಹೊಳೆಯುವ ಬಿಸಿಲಿನ ಅಂಚನ್ನು ಅವನು ಬರೆಯತಕ್ಕದ್ದಲ್ಲ, ಮೊದಲಿನಿಂದಲೂ ಬಿಟ್ಟಿರತಕ್ಕದ್ದು. ಹಲಗೆಯನ್ನು ತುಸು ಓರೆಯಾಗಿ ಹಿಡಿದು, ಕುಂಚದ ತುದಿಯಲ್ಲಿ ನೀರಿನ ತುಂಬುಹನಿಯೊಂದನ್ನು ಕಟ್ಟಿಕೊಂಡು, ಆ ಹನಿ ಎಲ್ಲಿಯೂ ಹರಿದುಹೋಗದಂತೆ ಎಡದಿಂದ ಬಲಕ್ಕೆ ಸಾಲುಸಾಲಾಗಿ ಎಳೆಯುತ್ತ ಆಕಾಶವನ್ನು ಕೆಳಗಿಳಿಸುವಾಗ ಉಸಿರನ್ನೂ ಅಳೆದು ಬಿಡಬೇಕಾಗುತ್ತದೆ. ಅರೆಯಾರಿದ ಲೇಪದ ಮೇಲೆ ಹೆಚ್ಚಿನ ನೀರು ತಗುಲಿತೋ, ಬಣ್ಣವು ಅಂಚಿಗೆ ನೂಕಲ್ಪಟ್ಟು ಹೂಕೋಸಿನಂಥ ಕಲೆಯೊಂದು ಅಲ್ಲಿ ಅರಳಿ, ಮತ್ತೆ ಅಳಿಸಲಾರದಂತೆ ಕುಳಿತುಬಿಡುತ್ತದೆ.

ಆದರೆ ಬಂಡೆಗಳಿಗೆ ಬಂದಾಗ ಈ ಚಂಚಲವಾದ ಮಾಧ್ಯಮವೇ ಒಂದು ವರವನ್ನು ಕೊಡುತ್ತದೆ. ಅಲ್ಟ್ರಾಮರೀನ್ ನೀಲಿಯನ್ನೂ ಬರ್ಂಟ್ ಸಿಯೆನ್ನ ಎಂಬ ಕಂದುಗೆಂಪನ್ನೂ ಧಾರಾಳವಾದ ನೀರಿನಲ್ಲಿ ಕೂಡಿಸಿ, ತರಿಯಾದ ಮೈಯ ಹತ್ತಿಕಾಗದದ ಮೇಲೆ ಒಮ್ಮೆ ಹರಿಯಬಿಟ್ಟು ಕೈ ತೆಗೆದುಬಿಡಬೇಕು. ನೀರು ಆರುತ್ತಿದ್ದಂತೆ ನೀಲಿಯ ಕಣಗಳು ಕಾಗದದ ಕುಳಿಗಳಲ್ಲಿ ತಂಗುತ್ತವೆ, ಕಂದು ಅವುಗಳ ಸುತ್ತ ಹರಡಿಕೊಳ್ಳುತ್ತದೆ. ಯಾವ ಕುಂಚವೂ ಬಿಡಿಸಲಾರದ ಕಲ್ಲಿನ ಹರಳುಹರಳಾದ ಮೈ ತಾನಾಗಿ ಮೂಡುತ್ತದೆ. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ರಾಜಾವರ್ತ (ಲಾಪಿಸ್ ಲಾಜುಲಿ) ಶಿಲೆಯನ್ನು ಅರೆದು ಚಿನ್ನದ ಬೆಲೆಗೆ ಮಾರುತ್ತಿದ್ದ ಈ ನೀಲಿಯನ್ನು, ಫ್ರಾನ್ಸಿನ ಒಂದು ಸಂಸ್ಥೆಯು ೬,೦೦೦ ಫ್ರಾಂಕುಗಳ ಬಹುಮಾನವನ್ನು ಘೋಷಿಸಿದ ಪರಿಣಾಮವಾಗಿ, ೧೮೨೦ರ ದಶಕದ ಉತ್ತರಾರ್ಧದಲ್ಲಿ ಗಿಮೇ ಎಂಬ ರಸಾಯನಜ್ಞನು ಕೃತಕವಾಗಿ ತಯಾರಿಸಿದನು. ಬಿಳಿಯ ಬಟ್ಟೆಗೆ ನಮ್ಮ ಮನೆಗಳಲ್ಲಿ ಹಾಕುತ್ತಿದ್ದ ನೀಲಿಪುಡಿಯೂ ಬಹುಕಾಲ ಇದೇ ಪದಾರ್ಥವೇ. ಸಿಯೆನ್ನದ ವಿಷಯದಲ್ಲಂತೂ ನಾವು ದೂರ ಹೋಗಬೇಕಾದುದಿಲ್ಲ: ಅದರ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡೇ ನಮ್ಮ ಕಾವಿಮಣ್ಣಿಗೂ ಕರಾವಳಿಯ ಮುರಕಲ್ಲಿಗೂ ಬಣ್ಣ ಕೊಟ್ಟಿದೆ.

ಜಲವರ್ಣಕ್ಕೆ ಹವೆಯೇ ಅರ್ಧ ಯಜಮಾನ. ಏಪ್ರಿಲ್ ತಿಂಗಳ ಹಂಪೆಯಲ್ಲಿ ಕುಂಚವು ಹಾಳೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿಯೇ ಹಿಂದಿನ ಸಾಲು ಆರಿ ಗೀಟಾಗಿ ನಿಲ್ಲುತ್ತದೆ. ಅದಕ್ಕಾಗಿ ಬಲ್ಲವರು ಕಾಗದದ ಬೆನ್ನನ್ನೂ ತೋಯಿಸಿಕೊಳ್ಳುತ್ತಾರೆ, ಇಲ್ಲವೆ ನೀರಿಗೆ ಒಂದೆರಡು ತೊಟ್ಟು ಗ್ಲಿಸರಿನ್ ಸೇರಿಸುತ್ತಾರೆ. ಜುಲೈ ತಿಂಗಳ ಆಗುಂಬೆಯಲ್ಲಿ ಇದಕ್ಕೆ ತದ್ವಿರುದ್ಧ: ಅರ್ಧ ಗಂಟೆ ಕಾದರೂ ಆಕಾಶ ಆರುವುದಿಲ್ಲ, ಅಡಕೆಮರದ ತುದಿ ಅದರೊಳಗೆ ಕರಗಿಹೋಗುತ್ತದೆ. ಹಾಗೆ ಕರಗುವುದನ್ನೇ ಮಳೆಗಾಲದ ಸ್ವರೂಪವೆಂದು ಒಪ್ಪಿಕೊಂಡವನಿಗೆ ಮಲೆನಾಡು ಒಲಿಯುತ್ತದೆ. ಅಲ್ಲಿನ ಹಸುರಾದರೋ ಹೊಸಬರ ಪಾಲಿಗೆ ಕಂಟಕ. ಟ್ಯೂಬಿನಲ್ಲಿ ಸಿದ್ಧವಾಗಿ ಬರುವ ಒಂದೇ ಹಸುರನ್ನು ಭತ್ತದ ಸಸಿಮಡಿಗೂ ಅಡಕೆತೋಟಕ್ಕೂ ದೂರದ ಕಾಡಿಗೂ ಬಳಿದ ಚಿತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಸಸಿಮಡಿಯ ಹಸುರಿನಲ್ಲಿ ಬಹುಪಾಲು ಹಳದಿಯೇ ಇದೆ, ತೋಟದ ಹಸುರಿಗೆ ತುಸು ಕೆಂಪು ಬೆರೆಸಿ ಅದರ ಉಬ್ಬರವನ್ನು ತಗ್ಗಿಸಬೇಕು, ಘಟ್ಟದ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಹಸುರೆಂಬುದೇ ಉಳಿದಿರುವುದಿಲ್ಲ, ನಡುವಣ ಗಾಳಿಯು ಚದರಿಸಿದ ನೀಲಿ ಬೆಳಕು ಅದನ್ನು ಮುಚ್ಚಿರುತ್ತದೆ.

ತೈಲವರ್ಣದವನ ಮನೋಧರ್ಮವೇ ಬೇರೆ. ಅವನು ನೆರಳಿನಿಂದ ಹೊರಟು ಬೆಳಕಿಗೆ ಬರುತ್ತಾನೆ. ಮತಂಗದ ಸಂದುಗಳಿಗೆ ತೆಳುವಾದ ಕಂದುನೇರಳೆಯನ್ನು ತಿಕ್ಕಿ, ಬಿಸಿಲಿನ ಮುಖಗಳಿಗೆ ಗಟ್ಟಿಯಾದ ಬಣ್ಣವನ್ನು ಒಂದೊಂದೇ ಎಳೆತದಲ್ಲಿ ಹೊರಿಸುತ್ತಾನೆ. ಐದಂಗುಲದ ಹಲಗೆಯ ಮೇಲೆ ಅರ್ಧ ಅಂಗುಲದ ಚಪ್ಪಟೆ ಕುಂಚದ ಒಂದು ಎಳೆತವೆಂದರೆ ಒಂದು ಇಡೀ ಬಂಡೆ: ಅದರ ಆಕಾರ, ಬಿಸಿಲು, ಒರಟುತನ ಎಲ್ಲವೂ ಆ ಒಂದೇ ಚಲನೆಯಲ್ಲಿ ಬಂದರೆ ಬಂದಂತೆ, ಬರದಿದ್ದರೆ ಕೆರೆದು ತೆಗೆದು ಮತ್ತೊಮ್ಮೆ. ಕೆರೆದು ತೆಗೆಯುವ ಈ ಸೌಕರ್ಯವೇ ಜಲವರ್ಣದವನಿಗಿಲ್ಲದ ಐಶ್ವರ್ಯ. ಅಗಸೆಯ ಎಣ್ಣೆಯು ನೀರಿನಂತೆ ಆವಿಯಾಗಿ ಹೋಗದೆ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಗಟ್ಟಿಯಾಗುವುದರಿಂದ ಹಲಗೆ ದಿನಗಟ್ಟಲೆ ಹಸಿಯಾಗಿರುತ್ತದೆ. ಹೀಗಾಗಿ ಒಂದನ್ನೊಂದು ತಾಗದಂತೆ ಹಲಗೆಗಳನ್ನು ಸಿಕ್ಕಿಸಿಡುವ ಸೀಳುಗಳುಳ್ಳ ಪೆಟ್ಟಿಗೆಯಿಲ್ಲದೆ ಬಸ್ಸು ಹತ್ತುವುದು ಸಹಪ್ರಯಾಣಿಕರ ಬಟ್ಟೆಗೆ ಅಪಾಯಕರ. ಕೆಳಗಿನ ಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಾಗಿರಬೇಕೆಂಬ ನಿಯಮವನ್ನು ತಪ್ಪಿದರೆ ವರ್ಷಗಳ ಅನಂತರ ಬಣ್ಣ ಬಿರಿಯುತ್ತದೆ. ಒಂದೇ ಕೂಡಿಕೆಯಲ್ಲಿ ಮುಗಿಯುವ ಕಿರುಚಿತ್ರಕ್ಕೆ ಆ ಭಯವೂ ಇಲ್ಲ.

ಮೂರನೆಯವನು ಬಣ್ಣಕ್ಕೆ ಕೈಯನ್ನೇ ಹಾಕದೆ ಇದ್ದಿಲನ್ನೋ ಮಸಿಯನ್ನೋ ಹಿಡಿದವನು. ಅವನು ಕಣ್ಣನ್ನು ಅರೆಮುಚ್ಚಿ ನೋಡುತ್ತಾನೆ. ಆಗ ವಿವರಗಳು ಕಳಚಿ ಬಿದ್ದು ಆಕಾಶದ ಬಿಳುಪು, ಬಿಸಿಲಿನ ಬೂದು, ನೆರಳಿನ ಕಪ್ಪು, ಈ ಮೂರೇ ಉಳಿಯುತ್ತವೆ. ಮೂರರಲ್ಲಿ ನಿಲ್ಲದ ನೋಟವು ಮೂವತ್ತು ಬಣ್ಣಗಳಲ್ಲಿಯೂ ನಿಲ್ಲದು. ಈ ಮಿತವ್ಯಯದ ಪರಾಕಾಷ್ಠೆಯನ್ನು ಕಾಣಬೇಕಾದರೆ ಚೀನದ ದಕ್ಷಿಣ ಸುಂಗ್ ರಾಜವಂಶದ ಕಾಲದ ಮಾ ಯುವಾನ್, ಶಿಯಾ ಕುಯಿ ಎಂಬ ಚಿತ್ರಕಾರರ ಗೇಣಗಲದ ರೇಷ್ಮೆಯ ಪುಟಗಳನ್ನು ನೋಡಬೇಕು. ಬಂಡೆಯನ್ನೂ ಮರವನ್ನೂ ಒಂದು ಮೂಲೆಗೆ ಒತ್ತರಿಸಿ ಮಿಕ್ಕುದನ್ನೆಲ್ಲ ಬರಿದಾಗಿ ಬಿಟ್ಟುಬಿಡುತ್ತಿದ್ದ ಮಾ ಯುವಾನನನ್ನು ಜನರು 'ಒಂದು ಮೂಲೆಯ ಮಾ' ಎಂದೇ ಕರೆದರು. ಆ ಬರಿದೇ ಅಲ್ಲಿ ಮಂಜು, ಅದೇ ನೀರು, ಅದೇ ದೂರ.

ನಾಲ್ಕನೆಯವನ ಕೈಯಲ್ಲಿರುವುದು ಗ್ವಾಶ್, ಎಂದರೆ ಅಪಾರದರ್ಶಕವಾದ ನೀರುಬಣ್ಣ. ನಮ್ಮ ಶಾಲಾಮಕ್ಕಳ ಪೋಸ್ಟರ್ ಕಲರ್ ಸೀಸೆಯು ಇದರ ಬಡ ನಂಟ. ಕಪ್ಪಿನ ಮೇಲೆ ಬಿಳುಪನ್ನು ಇಡಬಹುದಾದ ಕಾರಣ ಇದು ಕ್ಷಮಾಶೀಲವೆಂದು ತೋರಿದರೂ, ಆರಿದಾಗ ಗಾಢವಾದ ಬಣ್ಣ ತುಸು ತಿಳಿಯಾಗಿಯೂ ತಿಳಿಬಣ್ಣ ತುಸು ಗಾಢವಾಗಿಯೂ ಮಾರ್ಪಡುವುದರಿಂದ, ಸಂಜೆಯ ಸೂಕ್ಷ್ಮಭೇದಗಳನ್ನು ಊಹೆಯ ಮೇಲೆ ಬೆರೆಸಬೇಕಾಗುತ್ತದೆ. ಅಕ್ರಿಲಿಕ್ಕಿನ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಬೇಗನೆ ಒಣಗುವುದೇ ಅದರ ಗುಣ, ಬಯಲುಸೀಮೆಯ ಬಿಸಿಲಿನಲ್ಲಿ ಅದೇ ಅದರ ದೋಷ, ಪ್ಯಾಲೆಟ್ಟಿನ ಅಡಿಯಲ್ಲಿ ಒದ್ದೆ ಬಟ್ಟೆಯಿಡದಿದ್ದರೆ ಬಣ್ಣ ಹಾಳೆಯನ್ನು ಮುಟ್ಟುವ ಮೊದಲೇ ತೊಗಲು ಕಟ್ಟುತ್ತದೆ. ಪೇಸ್ಟಲ್ ಅತ್ಯಂತ ಮನೋಹರ, ಆದರೆ ಕಾಗದದ ತರಿಗೆ ಅಂಟಿಕೊಂಡ ಬರಿಯ ಧೂಳು. ಮಲೆನಾಡಿನ ಮನೆಯಲ್ಲಿ ಅದನ್ನು ಗಾಜಿನೊಳಗಿಟ್ಟರೂ ಬೂಷ್ಟು ಬಿಡುವುದಿಲ್ಲ.

ಹೀಗೆ ಒಂದೇ ಪರ್ವತದಲ್ಲಿ ಒಬ್ಬನು ಬೆಳಕನ್ನೂ, ಒಬ್ಬನು ಮೈಯ ಭಾರವನ್ನೂ, ಮತ್ತೊಬ್ಬನು ಆಕಾರವನ್ನೂ ಕಂಡಿರುತ್ತಾನೆ. ಆಯ್ಕೆಮಾಡಿದವನು ಚಿತ್ರಕಾರನೋ ಅವನ ಕೈಯೊಳಗಣ ಸಾಮಗ್ರಿಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಕಿರಿದಾದ ಅಳತೆಯು ಈ ಆಯ್ಕೆಯನ್ನು ಕಡ್ಡಾಯಗೊಳಿಸುತ್ತದೆ. ದೊಡ್ಡ ಕ್ಯಾನ್ವಾಸಿನಲ್ಲಿ ಗೋಪುರಕ್ಕೂ ಸ್ಥಳವುಂಟು, ಬಾಳೆಯ ತೋಟಕ್ಕೂ ಉಂಟು, ತೇರುಬೀದಿಯ ಮಂಟಪಗಳ ಸಾಲಿಗೂ ಉಂಟು. ಅಂಚೆಕಾರ್ಡಿನ ಮೇಲೆ ಪರ್ವತ ಬೇಕಾದರೆ ಗೋಪುರವನ್ನು ಬಿಡಲೇಬೇಕು. ಇನ್ನೊಂದು ಕಾರ್ಡಿನ ನಡುವೆ ಮೂರಂಗುಲದ ಕಿಟಕಿ ಕೊರೆದು, ಅದರ ಮೂಲಕ ಒಕ್ಕಣ್ಣಿನಿಂದ ನೋಡುತ್ತ, ಯಾವುದನ್ನು ಹೊರಗಿಡಬೇಕೆಂದು ನಿಶ್ಚಯಿಸುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಮೊಬೈಲಿನ ಛಾಯಾಚಿತ್ರದಿಂದ ನಕಲು ಮಾಡುವವರು ಈ ನಿಶ್ಚಯವನ್ನು ಯಂತ್ರಕ್ಕೆ ಒಪ್ಪಿಸಿಬಿಡುತ್ತಾರೆ. ಅಗಲದೃಷ್ಟಿಯ ಆ ಪುಟ್ಟ ಮಸೂರವು ಕಣ್ಣಿಗೆ ಭವ್ಯವಾಗಿ ಕಂಡ ಮತಂಗವನ್ನು ದಿಗಂತದ ಮೇಲಿನ ಒಂದು ಗುಬುಟಾಗಿ ಕುಗ್ಗಿಸುತ್ತದೆ, ನೆರಳಿನ ನೇರಳೆಯನ್ನು ಬರಿಯ ಕಪ್ಪಾಗಿ ನುಂಗುತ್ತದೆ. ಅಂಥ ನಕಲನ್ನು ಎಷ್ಟೇ ನಯವಾಗಿ ಬರೆದಿದ್ದರೂ, ಎದುರಿಗೆ ಕುಳಿತು ಬರೆದ ಒರಟು ಚಿತ್ರದ ಪಕ್ಕದಲ್ಲಿ ಅದು ನಿಲ್ಲುವುದಿಲ್ಲ.

ಕೊನೆಯದಾಗಿ, ಕೊಳ್ಳುವವರಿಗೆ ಒಂದೆರಡು ಮಾತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷದ ಆದಿಯಲ್ಲಿ ಕುಮಾರಕೃಪ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಇಂಥ ಕಿರಿಯ ನಿಸರ್ಗಚಿತ್ರಗಳು ಸಾಲುಸಾಲಾಗಿ ಹರಡಿರುತ್ತವೆ. ಸಾಮಾನ್ಯ ಸಂಸಾರಿಯ ಕೈಗೆಟಕುವ ಮೂಲಕೃತಿಗಳೆಂದರೆ ಬಹುಶಃ ಇವೇ. ಕೊಂಡ ಮೇಲೆ ಗಾಜು ಕಾಗದವನ್ನು ತಾಗದಂತೆ ನಡುವೆ ದಪ್ಪನೆಯ ಮೌಂಟ್ ಕೊಡಿಸಿ ಚೌಕಟ್ಟು ಹಾಕಿಸಿರಿ, ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿರಿ, ಲ್ಯಾಮಿನೇಷನ್ನನ್ನಂತೂ ಎಂದಿಗೂ ಮಾಡಿಸಬೇಡಿರಿ; ಎತ್ತರದಲ್ಲಿ ತೂಗುಹಾಕದೆ, ಮೊಳದಳತೆಯಲ್ಲಿ ನಿಂತು ನೋಡುವುದಕ್ಕಾಗುವಂತೆ ಕಣ್ಣಿನ ಮಟ್ಟಕ್ಕೆ ಹಾಕಿರಿ. ಕೊಳ್ಳುವ ಮೊದಲು ಬರೆದವರನ್ನು, ಕಾಗದವು ಹತ್ತಿಯದೇ, ಬಣ್ಣವು ಬೆಳಕಿಗೆ ಮಾಸದಂಥದೇ, ಎಲ್ಲಿ ಕುಳಿತು ಯಾವ ಹೊತ್ತಿನಲ್ಲಿ ಬರೆದದ್ದು ಎಂದು ಕೇಳಿ ನೋಡಿರಿ. ಮೂರಕ್ಕೂ ತಡವರಿಸದೆ ಉತ್ತರ ಬಂದರೆ, ಆಮೇಲೆ ಬೆಲೆಯಲ್ಲಿ ಚೌಕಾಶಿ ಮಾಡಬೇಡಿರಿ.